ಮಿರ್ಟೋಸ್ ನೀರಲ್ಲಿ ತೇಲಿದ ಕರಾರು ಪತ್ರ: ಕೆಫಲೋನಿಯಾ ಸುತ್ತು, ಮೂರನೇ ಪ್ರಯತ್ನ

ಅಂತೂ ಸಿಕ್ಕಿತು! ಗ್ರೀಸಿನ ಕೆಫಲೋನಿಯಾ ದ್ವೀಪದಲ್ಲಿ, ಫಿಸ್ಕಾರ್ಡೊದಿಂದ (1953ರ ಭೂಕಂಪದಲ್ಲಿ ಹೆಚ್ಚು ಪೆಟ್ಟಾಗದೆ ಉಳಿದ ಊರು) ಮಿರ್ಟೋಸ್ ಬೀಚ್‌ವರೆಗೆ, ಕಾರಿನ ಗಾಜಿನ ಒಳಗಿಂದ ತೆಗೆದ, ಒಂದೂ ಕಟ್ ಇಲ್ಲದ ಡ್ರೈವ್ ವಿಡಿಯೊ.

ಕ್ಯಾಮೆರಾ ಮೌಂಟ್, ಫ್ರೇಮ್‌ರೇಟ್ ಎಲ್ಲ ನಿಮಗೆ ಗೊತ್ತಿರುವುದೇ. ದಿಕ್ಕು ಮಾತ್ರ ಹೇಳುತ್ತೇನೆ. ಗ್ರೀಸಿನಲ್ಲಿ ಗಾಡಿ ಬಲಗಡೆ ಓಡಿಸಬೇಕು. ಹಾಗಾಗಿ ದ್ವೀಪಕ್ಕೆ ಅಪ್ರದಕ್ಷಿಣೆ ಬಂದರೆ ಸಮುದ್ರ ನಮ್ಮ ಮಗ್ಗುಲಲ್ಲೇ ಇರುತ್ತದೆ. "ಅಪ್ರದಕ್ಷಿಣೆನಾ?" ಎಂದು ಹೆಂಡತಿ ಮುಖ ಸಿಂಡರಿಸಿದಳು.

ಕಾಟ ಕೊಟ್ಟಿದ್ದು ಮುಂದಿನ ಗಾಜಿನಲ್ಲಿ ಬೀಳುವ ಡ್ಯಾಶ್‌ಬೋರ್ಡಿನ ಪ್ರತಿಬಿಂಬ. ಆಗುಂಬೆ ಘಾಟಿಯಲ್ಲಿ ಟೆಸ್ಟ್ ಮಾಡಿದ್ದೆ, ಆದರೆ ಮಳೆಗಾಲದಲ್ಲಿ. ಡ್ಯಾಶ್‌ಬೋರ್ಡಿಗೆ ಬಿಸಿಲೇ ಬಿದ್ದಿರಲಿಲ್ಲ. ಇಲ್ಲಿ ಸೆಪ್ಟೆಂಬರ್ ಬಿಸಿಲು. ಮೊದಲ ಸುತ್ತಿನ ವಿಡಿಯೊ ರಾತ್ರಿ ರೂಮಲ್ಲಿ ನೋಡಿದರೆ, ಮಿರ್ಟೋಸಿನ ಹಾಲು ಬೆರೆಸಿದಂಥ ನೀಲಿ ನೀರಿನ ಮೇಲೆ ಬಾಡಿಗೆ ಕಾರಿನ ಕರಾರು ಪತ್ರ ತೇಲುತ್ತಿದೆ. ನನ್ನ ಸಹಿ ಸಮೇತ, ಉಲ್ಟಾ.

ಪತ್ರ ತೆಗೆದೆ. ಎಸಿ ಕಿಂಡಿಗಳು ಉಳಿದವು. ಎರಡನೇ ಸುತ್ತಿಗೆ ಸಿಪಿಎಲ್ ಫಿಲ್ಟರ್ (ಗಾಜಿನ ಹೊಳಪು ತಗ್ಗಿಸಲು ಲೆನ್ಸಿಗೆ ಹಾಕುವ ಪೋಲರೈಸರ್) ಹಾಕಿ ತಿರುಗಿಸಿದೆ. ಪ್ರತಿಬಿಂಬ ಮುಕ್ಕಾಲು ಹೋಯಿತು. ಆದರೆ ವೈಡ್ ಲೆನ್ಸ್ ಅಲ್ವಾ, ಆಕಾಶದಲ್ಲಿ ಕಡುನೀಲಿ ಪಟ್ಟೆ ಬಂತು. ಹೇರ್‌ಪಿನ್ ತಿರುವು ಬಂದಾಗೆಲ್ಲ ಅದು ಈ ಕಡೆಯಿಂದ ಆ ಕಡೆಗೆ ಜಾರುತ್ತದೆ. ನೋಡಿದವರಿಗೆ ವಾಂತಿ ಗ್ಯಾರಂಟಿ.

ಆ ಫಿಲ್ಟರ್ ಮಾರಿದವನೋ, ಮೂರು ದಿನ ಎಂದು ಮೂರು ವಾರ ಸತಾಯಿಸಿದ್ದ. ಇದೇ ದ್ವೀಪದಲ್ಲಿ ಅರ್ಗೊಸ್ಟೋಲಿ ಊರಿನ ಹತ್ತಿರ ಕಟಾವೋಥ್ರೆಸ್ ಬಿಲಗಳಿಗೆ ಇಳಿಯುವ ಸಮುದ್ರದ ನೀರು ನೆಲದಡಿಯಲ್ಲೇ ದ್ವೀಪ ದಾಟಿ ಮೆಲಿಸ್ಸಾನಿ ಗುಹೆ ಕಡೆ ಏಳುತ್ತದೆ. 1963ರಲ್ಲಿ ಬಣ್ಣ ಬೆರೆಸಿ ನೋಡಿದಾಗ ಸುಮಾರು ಎರಡು ವಾರ ಹಿಡಿದಿತ್ತು. ನಮ್ಮ ಕೊರಿಯರ್‌ಗಿಂತ ವಾಸಿ.

ಕೊನೆಗೆ ಕೈಹಿಡಿದದ್ದು ಹೆಂಡತಿಯ ಕಪ್ಪು ಕಾಟನ್ ದುಪಟ್ಟಾ. ಫಿಲ್ಟರ್ ಬಿಚ್ಚಿಟ್ಟು, ಇಡೀ ಡ್ಯಾಶ್‌ಬೋರ್ಡಿಗೆ ಅದನ್ನು ಹೊದಿಸಿದೆ. ಗಾಜು ಸೇರುವ ಸಂದಿಯವರೆಗೂ ತುರುಕಬೇಕು, ಬೆರಳಗಲ ಬಿಟ್ಟರೂ ಬೂದು ಗೆರೆ ಕಾಣುತ್ತದೆ. ಜರಿ ಅಂಚು ಸಮುದ್ರದ ಮೇಲೆ ಚಿನ್ನದ ದಾರದ ಹಾಗೆ ಮಿಂಚಿತು. ಅದನ್ನು ಒಳಗೆ ಮಡಚಿ ಟೇಪ್ ಅಂಟಿಸಿದೆ.

ಮುಂದಿನದು ಐನೋಸ್ ಬೆಟ್ಟ, 1,628 ಮೀಟರ್. ಫರ್ ಮರಗಳ ನೆರಳು, ಬಿಸಿಲು, ಮತ್ತೆ ನೆರಳು. ಎಕ್ಸ್‌ಪೋಶರ್ (ಕ್ಯಾಮೆರಾಗೆ ಬಿಡುವ ಬೆಳಕು) ಲಾಕ್ ಮಾಡೋದಾ, ಆಟೊ ಬಿಡೋದಾ? ಅನುಭವ ಇದ್ದವರು ಹೇಳಿ.

ಹೆಂಡತಿ ದುಪಟ್ಟಾ ವಾಪಸ್ ಕೇಳುತ್ತಿದ್ದಾಳೆ. ಜರಿಗೆ ಟೇಪಿನ ಅಂಟು ಹಿಡಿದಿರುವುದನ್ನು ಇನ್ನೂ ಹೇಳಿಲ್ಲ.