ಥೀಸಿಸ್‌ನ ಕೊನೆಯಲ್ಲಿರುವ ಎರಡು ಕನ್ನಡ ಪುಟ

ಮಣಿಪಾಲದಲ್ಲಿ ಟೈಗರ್ ಸರ್ಕಲ್‌ನಿಂದ ಸ್ವಲ್ಪ ಒಳಗೆ ನನ್ನದೊಂದು ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ ಇದೆ. ಪಿಎಚ್‌ಡಿ ಮಾಡುವವರು ಕೊನೆಗೆ ಬರುವುದು ನಮ್ಮಂಥವರ ಹತ್ತಿರವೇ. ನಾಲ್ಕೈದು ವರ್ಷದ ಕೆಲಸ ಒಂದು ಪೆನ್‌ಡ್ರೈವ್‌ನಲ್ಲಿ ಇರುತ್ತದೆ. ಕಣ್ಣಲ್ಲಿ ನಿದ್ದೆ ಇರುವುದಿಲ್ಲ. "ಅಣ್ಣಾ, ನಾಳೆ ಹನ್ನೊಂದು ಗಂಟೆಗೆ ಸಬ್ಮಿಟ್ ಮಾಡ್ಬೇಕು" ಅಂತಾರೆ. ಆಯ್ತು ಅಂತ ಕೂರಿಸಿ ಒಂದು ಚಾ ತರಿಸುತ್ತೇನೆ.

ರಾತ್ರಿ ಬಾಗಿಲು ಅರ್ಧ ಎಳೆದು ಪುಟ ಜೋಡಿಸುವಾಗ ಸುಮ್ನೆ ಕಣ್ಣಾಡಿಸುತ್ತೇನೆ. ಎಲ್ಲ ಇಂಗ್ಲಿಷ್, ಕೋಷ್ಟಕ, ಗ್ರಾಫು. ಜನರನ್ನು ಮಾತಾಡಿಸಿ ಮಾಡಿದ ಆರೋಗ್ಯದ ಥೀಸಿಸ್ ಆದರೆ ಕೊನೆಯ ಅನುಬಂಧದಲ್ಲಿ ಒಂದೆರಡು ಪುಟ ಕನ್ನಡ ಬರುತ್ತದೆ. ಅದು ಒಪ್ಪಿಗೆ ಪತ್ರ. ನನಗೆ ಎಲ್ಲ ತಿಳಿಸಿದ್ದಾರೆ, ನಾನು ಸ್ವಂತ ಇಚ್ಛೆಯಿಂದ ಒಪ್ಪಿದ್ದೇನೆ ಅಂತ ಬರೆದು, ಕೆಳಗೆ ಸಹಿ ಅಥವಾ ಹೆಬ್ಬೆಟ್ಟಿಗೆ ಒಂದು ಗೆರೆ. ಇನ್ನೂರು, ಮುನ್ನೂರು ಪುಟದ ಪುಸ್ತಕದಲ್ಲಿ ಕನ್ನಡ ಅಷ್ಟೇ. ಜನರಿಂದ ಪಡೆಯುವಾಗ ಕನ್ನಡ ಬೇಕು, ಏನು ಸಿಕ್ಕಿತು ಅಂತ ಹೇಳುವಾಗ ಬೇಡ ಅಂದರೆ ಹೇಗೆ ಅಲ್ವಾ?

ಇದು ನನಗೆ ಚುಚ್ಚುವುದಕ್ಕೆ ಕಾರಣ ನಮ್ಮ ದೊಡ್ಡಮ್ಮ. ಅವರಿಗೆ ಎಡಗಾಲಿನಲ್ಲಿ ಆನೆಕಾಲು ಇತ್ತು. ಮದುವೆಮನೆಗೆ ಹೋದರೆ ಗೋಡೆ ಬದಿಯ ಕುರ್ಚಿಯೇ ಬೇಕು, ಸೀರೆ ನೆರಿಗೆಯನ್ನು ಪಾದದ ಮೇಲೆ ಎಳೆದುಕೊಂಡು ಕೂರುತ್ತಿದ್ದರು. ಕರಾವಳಿಯಲ್ಲಿ ಈ ಕಾಯಿಲೆ ಹೊಸತಲ್ಲ. ಅದನ್ನು ತರುವ ಸಣ್ಣ ಹುಳ ರಕ್ತದಲ್ಲಿ ಕಾಣಿಸಿಕೊಳ್ಳುವುದೇ ರಾತ್ರಿ ಹೊತ್ತು, ಹಾಗಾಗಿ ಆರೋಗ್ಯ ಇಲಾಖೆಯವರು ರಾತ್ರಿ ಎಂಟೂವರೆ ಮೇಲೆ ಬಂದು ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಹಚ್ಚಿಕೊಂಡು ಹೋಗುತ್ತಿದ್ದದ್ದು ನನಗೆ ನೆನಪಿದೆ.

ಒಂದು ವರ್ಷ ಪಿಎಚ್‌ಡಿ ಮಾಡುವ ಹುಡುಗಿಯೊಬ್ಬಳು ನಮ್ಮ ಮನೆಗೆ ಬರತೊಡಗಿದಳು. ಬಿಸಿಲಲ್ಲಿ ಬಸ್ಸಿಳಿದು ನಡೆದು ಬರುತ್ತಿದ್ದಳು. ನೆಲದ ಮೇಲೆ ಕೂತು ದೊಡ್ಡಮ್ಮನ ಕಾಲನ್ನು ತನ್ನ ಮಡಿಲಿಗೆ ಇಟ್ಟುಕೊಳ್ಳುತ್ತಿದ್ದಳು. ಟೇಪು ಹಿಡಿದು ಪ್ರತಿ ಸಲ ಅದೇ ನಾಲ್ಕು ಜಾಗದಲ್ಲಿ ಅಳತೆ, ಜಾಗ ತಪ್ಪದ ಹಾಗೆ ಪೆನ್ನಿನಲ್ಲಿ ಗುರುತು. ದಿನಾ ಸೋಪು ಹಚ್ಚಿ ತೊಳೆಯಬೇಕು, ಬೆರಳಿನ ಸಂದು ಒಣಗಿದ ಬಟ್ಟೆಯಲ್ಲಿ ಒರೆಸಬೇಕು, ಗಾಯ ಇದೆಯಾ ನೋಡಬೇಕು, ಮಲಗುವಾಗ ಕಾಲು ಎತ್ತರದಲ್ಲಿ ಇಡಬೇಕು ಅಂತ ತಾನೇ ಮಾಡಿ ತೋರಿಸಿದಳು. ನಮ್ಮ ಮನೆಯವರೇ ಮುಟ್ಟಲು ಹಿಂಜರಿಯುತ್ತಿದ್ದ ಕಾಲು ಅದು, ಮಾರಾಯ್ರೆ.

ಆಮೇಲೆ ಅವಳ ಡೇಟಾ ಕಲೆಕ್ಷನ್ ಮುಗಿಯಿತು. ಅವಳೂ ಬರಲಿಲ್ಲ, ಅವಳ ಕಾಲೇಜಿನಿಂದ ಒಂದು ಕಾಗದವೂ ಬರಲಿಲ್ಲ. "ಆ ಹುಡುಗಿ ಪಾಸಾದಳಾ?" ಅಂತ ದೊಡ್ಡಮ್ಮ ಸಾಯುವವರೆಗೂ ಕೇಳುತ್ತಿದ್ದರು. ನಮಗೆ ಗೊತ್ತಿರಲಿಲ್ಲ. ಅವಳಿಗೆ ಒಂದು ಬಹುಮಾನ ಬಂದಿದ್ದರೆ ಎಲ್ಲರಿಗಿಂತ ಜಾಸ್ತಿ ಖುಷಿ ಪಡುತ್ತಿದ್ದದ್ದು ನಮ್ಮ ದೊಡ್ಡಮ್ಮನೇ.

ದೊಡ್ಡಮ್ಮ ನುಂಗುತ್ತಿದ್ದ ಮಾತ್ರೆಯ ಹೆಸರು ಡಿಇಸಿ. 1947ರಲ್ಲಿ ಅಮೆರಿಕದ ಲೆಡರ್ಲೆ ಕಂಪನಿಯಿಂದ ಬಂದ ಔಷಧ. ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ರಕ್ತದಲ್ಲಿರುವ ಮರಿಹುಳಗಳನ್ನು ಅದು ಕೊಲ್ಲುತ್ತದೆ. ಆದರೆ ವರ್ಷಗಟ್ಟಲೆ ಊದಿ ದಪ್ಪವಾದ ಕಾಲು ಮಾತ್ರೆಯಿಂದ ಮೊದಲಿನಂತೆ ಆಗುವುದಿಲ್ಲ, ಅದಕ್ಕೆ ಆ ಹುಡುಗಿ ಕಲಿಸಿದ ಆರೈಕೆಯೇ ಬೇಕು. ಸುಬ್ಬರಾವ್ 1920ರ ದಶಕದ ಆರಂಭದಲ್ಲಿ ಬೋಸ್ಟನ್‌ಗೆ ಹೋದವರು, ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿದವರು. ರಂಜಕ (ಫಾಸ್ಫರಸ್) ಅಳೆಯುವ ಅವರ ವಿಧಾನ ಅಚ್ಚಾದದ್ದು 1925ರಲ್ಲಿ, ಪಿಎಚ್‌ಡಿ ಸಿಕ್ಕಿದ್ದು 1930ರಲ್ಲಿ. ಅಂದರೆ ಅದು ಕಲಿಯುವ ಕಾಲದ ಕೆಲಸ. ಆದರೂ ವಿಧಾನಕ್ಕೆ ಅವರ ಪ್ರಾಧ್ಯಾಪಕ ಫಿಸ್ಕೆ ಅವರದೂ ಸೇರಿ ಫಿಸ್ಕೆ-ಸುಬ್ಬರಾವ್ ಅಂತ ಇಬ್ಬರ ಹೆಸರೂ ಬಂತು, ಇವತ್ತಿಗೂ ಹಾಗೇ ಕರೆಯುತ್ತಾರೆ. ಅವರು ಓದಿ ಕೆಲಸ ಮಾಡಿದ ಹಾರ್ವರ್ಡ್ ವಿಶ್ವವಿದ್ಯಾಲಯ ಮಾತ್ರ ಅವರಿಗೆ ಖಾಯಂ ಕೆಲಸ ಕೊಡಲಿಲ್ಲ. ನಮ್ಮ ದೇಶ ಅಂಚೆಚೀಟಿ ತಂದದ್ದು 1995ರಲ್ಲಿ, ಅವರು ತೀರಿಕೊಂಡು 47 ವರ್ಷ ಆದ ಮೇಲೆ.

ಅಷ್ಟು ತಡ ಯಾಕೆ ಮಾಡಬೇಕು? ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಕೇಂದ್ರದ ಆಯೋಗ ಯುಜಿಸಿ ಈಗ ವರ್ಷಕ್ಕೆ 10 ಪಿಎಚ್‌ಡಿಗಳಿಗೆ ಎಕ್ಸಲೆನ್ಸ್ ಸೈಟೇಶನ್, ಅಂದರೆ ಒಳ್ಳೆಯ ಸಂಶೋಧನೆಗೆ ಪ್ರಶಂಸಾ ಪತ್ರ, ಕೊಡುವ ಯೋಜನೆ ಮಾಡಿದೆ, ಒಳ್ಳೆಯದೇ. ಐದು ವಿಭಾಗ, ಒಂದೊಂದಕ್ಕೆ ಎರಡು. ವಿಜ್ಞಾನದ ಎರಡರಲ್ಲೇ ಕೃಷಿಯೂ ಸೇರಿತು, ವೈದ್ಯಕೀಯವೂ ಸೇರಿತು. ಇಡೀ ದೇಶಕ್ಕೆ ಇದು ಸಾಲದು. ಪ್ರತಿ ವಿಶ್ವವಿದ್ಯಾಲಯ, ಪ್ರತಿ ಜಿಲ್ಲೆ ತನ್ನಲ್ಲಿ ನಡೆದ ಒಳ್ಳೆಯ ಆರೋಗ್ಯ ಸಂಶೋಧನೆಯನ್ನು ಗುರುತಿಸಬೇಕು. ಎಷ್ಟು ಪೇಪರ್ ಬಂತು ಅಂತ ನೋಡಲಿ, ಅದರ ಜೊತೆಗೆ ರಕ್ತ ಕೊಟ್ಟವರಿಗೆ, ಕಾಲು ತೋರಿಸಿದವರಿಗೆ ಫಲಿತಾಂಶ ಹೇಳಿದ್ದಾರಾ ಅಂತಲೂ ಕೇಳಲಿ. ಸನ್ಮಾನ ಕೂಡ ಏಸಿ ಹಾಲ್‌ನಲ್ಲಿ ಮಾತ್ರ ಯಾಕೆ, ಆ ಊರಿನ ಶಾಲೆಯ ಜಗಲಿಯಲ್ಲೇ ಮಾಡಬಹುದಲ್ಲ. ದೊಡ್ಡಮ್ಮನಂಥವರು ಮುಂದಿನ ಸಾಲಿನಲ್ಲಿ ಕೂರಲಿ.

ನನ್ನ ಕೈಲಾದದ್ದು ಇಷ್ಟು. ಆರೋಗ್ಯದ ಬಗ್ಗೆ ಪಿಎಚ್‌ಡಿ ಮಾಡಿದವರು ಥೀಸಿಸ್ ಜೊತೆ ಎರಡು ಪುಟದ ಕನ್ನಡ ಸಾರಾಂಶ ತಂದರೆ ಅದರ 50 ಪ್ರತಿ ನಾನು ದುಡ್ಡಿಲ್ಲದೆ ಹಾಕಿಕೊಡುತ್ತೇನೆ. ಕನ್ನಡ ಟೈಪ್ ಮಾಡಲು ಬರದಿದ್ದರೆ ಕೈಯಲ್ಲಿ ಬರೆದು ತನ್ನಿ, ಟೈಪ್ ನಾನೇ ಮಾಡುತ್ತೇನೆ. ಅಂಗಡಿ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಸಬ್ಮಿಷನ್ ಸಮಯದಲ್ಲಿ ಅದಕ್ಕಿಂತಲೂ ತಡವಾಗಿ.