ಬಾಯಿ ತೆಗೆದರೆ ಟಕ್ ಅನ್ನುತ್ತೆ: ಕಾಲೇಜಿನ ಅರ್ಧ ಮಕ್ಕಳಿಗೆ ದವಡೆ ಕಾಯಿಲೆ ಇದೆಯಾ?

"ಡಾಕ್ಟ್ರೇ, ಆಕಳಿಸಿದರೆ ಕಿವಿ ಹತ್ರ ಟಕ್ ಅನ್ನುತ್ತೆ. ನನ್ನ ರೂಮ್‌ಮೇಟ್‌ಗೂ ಹಾಗೇ. ಕಾಲೇಜು ಓದೋರಲ್ಲಿ ಅರ್ಧಕ್ಕರ್ಧ ಜನಕ್ಕೆ ದವಡೆ ಕೀಲಿನ ಕಾಯಿಲೆ ಇದೆಯಂತೆ. ನಿಜಾನಾ?"

ದಾವಣಗೆರೆಯಲ್ಲಿ ಹಾಸ್ಟೆಲ್‌ಗಳ ಮಧ್ಯೆ ನನ್ನ ಹಲ್ಲಿನ ಕ್ಲಿನಿಕ್ ಇದೆ. ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂತೆಂದರೆ ಈ ಪ್ರಶ್ನೆ ಕೇಳದ ವಾರವೇ ಇಲ್ಲ. ಕುರ್ಚಿ ಮೇಲೆ ಕೂತವರಿಗೆ ಹೇಳುವುದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಎರಡು ಕಿವಿಗಳ ಮುಂದೆ ಒಂದೊಂದು ಬೆರಳಿಟ್ಟು ನಿಧಾನವಾಗಿ ಬಾಯಿ ತೆಗೆಯಿರಿ. ಬೆರಳಿನಡಿ ಮೂಳೆ ಮುಂದಕ್ಕೆ ಜಾರಿ, ಅಲ್ಲೊಂದು ಗುಳಿ ಬೀಳುತ್ತದೆ, ಅಲ್ವಾ? ಅದೇ ದವಡೆ ಕೀಲು. ಮೊಣಕೈ ಬರೀ ಮಡಚುತ್ತದೆ, ಬಾಗಿಲ ಕೀಲಿನ ಹಾಗೆ. ಇದು ಮಡಚುವುದರ ಜೊತೆಗೆ ಜಾರುತ್ತದೆ ಕೂಡ. ಮೂಳೆಗೂ ಮೂಳೆಗೂ ನಡುವೆ ಗಟ್ಟಿ ನಾರಿನ ಒಂದು ತೆಳು ಬಿಲ್ಲೆ ಇರುತ್ತದೆ. ಅದು ಸ್ವಲ್ಪ ಮುಂದೆ ಸರಿದಿದ್ದರೆ, ಬಾಯಿ ತೆಗೆಯುವಾಗ ಮೂಳೆ ಅದರ ಮೇಲೆ ಹತ್ತುತ್ತದೆ. ಸಾಮಾನ್ಯವಾಗಿ ನಿಮಗೆ ಕೇಳುವ ಟಕ್ ಸದ್ದು ಅದೇ. ನೋವಿಲ್ಲ, ಬಾಯಿ ಸರಿಯಾಗಿ ತೆಗೆಯಲು ಬರುತ್ತದೆ ಅಂದರೆ ಆ ಸದ್ದಿಗೆ ಔಷಧಿ ಬೇಡ. ಇದನ್ನು ಹೇಳಿದ ತಕ್ಷಣ ಎಷ್ಟೋ ಮಕ್ಕಳ ಭುಜ ಸಡಿಲವಾಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹಾಗಾದರೆ ಅರ್ಧಕ್ಕರ್ಧ ಅನ್ನುವ ಲೆಕ್ಕ ಎಲ್ಲಿಂದ ಬಂತು? ಅದು ಯಾರೋ ಹುಟ್ಟಿಸಿದ ಸುಳ್ಳೇನಲ್ಲ. ಬ್ರೆಜಿಲ್, ಸೌದಿ ಅರೇಬಿಯಾ, ನಮ್ಮ ದೇಶ, ಹೀಗೆ ಎಷ್ಟೋ ಕಡೆ ವಿದ್ಯಾರ್ಥಿಗಳನ್ನು ಕೇಳಿ ಬರೆದ ಅಧ್ಯಯನಗಳಿವೆ. ಅವುಗಳಲ್ಲಿ ಹಲವಕ್ಕೆ ಅರ್ಧದ ಆಸುಪಾಸಿನ ಲೆಕ್ಕ ಸಿಕ್ಕಿದೆ, ಕೆಲವಕ್ಕೆ ಇನ್ನೂ ಜಾಸ್ತಿ. ಆದರೆ ಏನು ಕೇಳಿದರು ಅನ್ನುವುದನ್ನು ನೋಡಬೇಕು. ಇಂಥ ಬಹಳಷ್ಟು ಅಧ್ಯಯನಗಳು ಬಳಸುವುದು ಫೊನ್ಸೆಕಾ ಪ್ರಶ್ನಾವಳಿ. ಬ್ರೆಜಿಲ್‌ನಲ್ಲಿ ಸಿದ್ಧವಾದದ್ದು, 1994ರಲ್ಲಿ ಪ್ರಕಟವಾಯಿತು. ಹತ್ತು ಪ್ರಶ್ನೆ. ಹೌದು ಅಂದರೆ 10 ಅಂಕ, ಕೆಲವೊಮ್ಮೆ ಅಂದರೆ 5, ಇಲ್ಲ ಅಂದರೆ ಸೊನ್ನೆ. 15ರವರೆಗೆ ತೊಂದರೆ ಇಲ್ಲ. 20ರಿಂದ 40 ಬಂದರೆ ಸೌಮ್ಯ, 45ರಿಂದ 65 ಮಧ್ಯಮ, 70 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೀವ್ರ.

ಕಳೆದ ವರ್ಷ ಎರಡನೇ ವರ್ಷದ ಎಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಹಲ್ಲು ಕ್ಲೀನ್ ಮಾಡಿಸಲು ಬಂದಿದ್ದಳು. ಅವಳಿಗೆ ಈ ಹತ್ತು ಪ್ರಶ್ನೆ ಕೇಳಿದೆ. ಬಾಯಿ ತೆಗೆಯೋಕೆ ಕಷ್ಟವಾ? ಇಲ್ಲ. ಅಗಿಯುವಾಗ ದವಡೆ ಸೋಲುತ್ತಾ? ಇಲ್ಲ. ಕೀಲಿನಲ್ಲಿ ಸದ್ದು? ಇಲ್ಲ. ತಲೆನೋವು ಬರ್ತಾ ಇರುತ್ತಾ? ಕೆಲವೊಮ್ಮೆ. 5. ಕತ್ತು ನೋವು? ಲ್ಯಾಪ್‌ಟಾಪ್ ಮುಂದೆ ಕೂತು ಕೂತು ಕತ್ತು ಹಿಡಿದಿತ್ತು, ಹೌದು ಅಂದಳು. 10. ನೀನು ಟೆನ್ಷನ್ ಮಾಡಿಕೊಳ್ಳುವ ಸ್ವಭಾವದವಳಾ? ಪರೀಕ್ಷೆಗೆ ನಾಲ್ಕು ದಿನ ಇತ್ತು, ಪಾಪ, ಹೌದು ಅಂದಳು. ಮತ್ತೆ 10. ಒಟ್ಟು 25. ಆ ಹಾಳೆಯ ಲೆಕ್ಕದಲ್ಲಿ ಅವಳಿಗೆ ಸೌಮ್ಯ ದವಡೆ ಕೀಲಿನ ತೊಂದರೆ. ದವಡೆಗೆ ಏನೂ ಆಗಿರಲಿಲ್ಲ!

ಪ್ರಶ್ನಾವಳಿಯನ್ನು ನಾನು ದೂರುತ್ತಿಲ್ಲ. ಅದೊಂದು ಜರಡಿ. ಯಾರನ್ನು ಕೂರಿಸಿ ಪರೀಕ್ಷೆ ಮಾಡಬೇಕು ಅಂತ ಆರಿಸುವುದಕ್ಕೆ ಇರುವುದು. ಜರಡಿಯಲ್ಲಿ ಉಳಿದವರನ್ನೆಲ್ಲ ರೋಗಿಗಳು ಅಂತ ಎಣಿಸಿದಾಗಲೇ ಲೆಕ್ಕ ಉಬ್ಬುತ್ತದೆ. ಆ ಅರ್ಧದಲ್ಲಿ ಬಹುಪಾಲು ಸೌಮ್ಯದ ಗುಂಪಿನವರೇ. ತೀವ್ರ ಅನ್ನುವ ಗುಂಪು ತೀರಾ ಚಿಕ್ಕದು.

ನಿಜವಾದ ಪರೀಕ್ಷೆ ಕೈಯಿಂದ ಆಗಬೇಕು. ಅದಕ್ಕೆ 2014ರಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡ ಕ್ರಮವೊಂದಿದೆ. ಕೆನ್ನೆ ಮತ್ತು ಕಣತಲೆಯ ಸ್ನಾಯುಗಳನ್ನು ಒಂದು ಕೆಜಿ ಒತ್ತಡದಲ್ಲಿ ಎರಡು ಸೆಕೆಂಡ್ ಒತ್ತಬೇಕು. ಆ ಒತ್ತಡ ಬೆರಳಿಗೆ ಅಭ್ಯಾಸ ಆಗಲಿ ಅಂತ ನಾನು ಅಡುಗೆಮನೆಯ ತೂಕದ ಯಂತ್ರದ ಮೇಲೆ ಒತ್ತಿ ಒತ್ತಿ ಕಲಿತೆ. ಒತ್ತಿದ ಮೇಲೆ ಕೇಳುವ ಪ್ರಶ್ನೆ ಮುಖ್ಯ: "ಈಗ ಆದ ನೋವು, ನಿನಗೆ ಈ ತಿಂಗಳು ಬರ್ತಾ ಇದ್ದ ಅದೇ ನೋವಾ?" ಅದೇ ಅಂದರೆ ಮಾತ್ರ ಲೆಕ್ಕಕ್ಕೆ.

ಹಾಗಾದರೆ ದವಡೆ ಕೀಲಿನ ತೊಂದರೆ ನಿಜಕ್ಕೂ ಎಷ್ಟು ಜನರಿಗಿದೆ? ಅಮೆರಿಕದ ಸರ್ಕಾರಿ ದಂತ ಸಂಶೋಧನಾ ಸಂಸ್ಥೆ ಕೊಡುವ ಅಂದಾಜು ನೂರಕ್ಕೆ 5ರಿಂದ 12. ಅಲ್ಲಿಯೇ 2006ರಲ್ಲಿ ಶುರುವಾದ ಒಪೆರಾ ಅನ್ನುವ ದೊಡ್ಡ ಅಧ್ಯಯನ 18ರಿಂದ 44 ವಯಸ್ಸಿನ, ಆಗ ದವಡೆ ನೋವಿಲ್ಲದವರನ್ನು ವರ್ಷಗಟ್ಟಲೆ ಹಿಂಬಾಲಿಸಿತು. ವರ್ಷಕ್ಕೆ ನೂರಕ್ಕೆ ಸುಮಾರು ನಾಲ್ಕು ಜನರಿಗೆ ಹೊಸದಾಗಿ ದವಡೆ ನೋವು ಬಂತು. ನನಗೆ ಅದರಲ್ಲಿ ತುಂಬಾ ಮುಖ್ಯ ಅನ್ನಿಸಿದ್ದು ಇನ್ನೊಂದು ವಿಷಯ: ನೋವು ಬಂದವರಲ್ಲಿ, ಅದಕ್ಕೂ ಮೊದಲೇ ನಿದ್ದೆ ಕೆಡುತ್ತಾ ಬಂದಿತ್ತು. ರಾತ್ರಿಯಿಡೀ ಓದುವ ಮಕ್ಕಳ ಅಪ್ಪ ಅಮ್ಮಂದಿರು ಇದನ್ನು ಗಮನಿಸಬೇಕು.

ನೂರಕ್ಕೆ ಐದು ಅಂದರೂ ಸಣ್ಣ ಸಂಖ್ಯೆಯಲ್ಲ. ಇನ್ನೂರು ಜನರ ಹಾಸ್ಟೆಲ್‌ನಲ್ಲಿ ಹತ್ತು ಜನ. ಬೆಳಿಗ್ಗೆ ಎದ್ದರೆ ಕೆನ್ನೆ ಬಿಗಿದಿರುತ್ತದೆ, ರೊಟ್ಟಿ ಅಗಿದರೆ ಕಿವಿ ಮುಂದೆ ಚುಚ್ಚುತ್ತದೆ, ಕಿವಿ ಡಾಕ್ಟರ ಹತ್ತಿರ ಹೋದರೆ ಕಿವಿ ಚೆನ್ನಾಗಿದೆ ಅಂತಾರೆ. ಅವರ ನೋವನ್ನು ಸುಮ್ನೆ ಟೆನ್ಷನ್ ಅಂತ ತಳ್ಳಿಹಾಕಬಾರದು.

ನಮ್ಮಲ್ಲಿ ಮಕ್ಕಳಿಗೆ ಹಲ್ಲು ಕಚ್ಚಿಕೊಂಡು ಓದು ಅಂತೀವಿ. ಮಕ್ಕಳು ಅಕ್ಷರಶಃ ಹಾಗೇ ಮಾಡುತ್ತಾರೆ. ಲೈಬ್ರರಿಯಲ್ಲಿ ಓದುತ್ತಿರುವವರ ಕೆನ್ನೆ ನೋಡಿ, ಕಿವಿಯ ಕೆಳಗೆ ಸ್ನಾಯು ಉಬ್ಬಿ ಇಳಿಯುತ್ತಿರುತ್ತದೆ. ಸುಮ್ಮನೆ ಕೂತಾಗ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಿರಲೇಬಾರದು. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ. ಲ್ಯಾಪ್‌ಟಾಪ್ ಅಂಚಿಗೆ ಒಂದು ಬಿಂದಿ ಅಂಟಿಸಿ. ಕಣ್ಣಿಗೆ ಬಿದ್ದಾಗಲೆಲ್ಲ ದವಡೆ ಸಡಿಲ ಬಿಡಿ. ನೋವಿದ್ದರೆ ಕೆಲವು ವಾರ ಖಡಕ್ ರೊಟ್ಟಿ, ನಿಪ್ಪಟ್ಟು, ಚೂಯಿಂಗ್ ಗಮ್ ಬೇಡ. ಮುದ್ದೆ ಊಟ ಮಾಡಿ, ನುಂಗುವ ಊಟಕ್ಕಿಂತ ದವಡೆಗೆ ಒಳ್ಳೆಯ ವಿಶ್ರಾಂತಿ ಯಾವುದಿದೆ? ಬಿಸಿ ಬಟ್ಟೆಯ ಶಾಖ ಕೊಡಿ. ಆಕಳಿಸುವಾಗ ಗಲ್ಲದ ಕೆಳಗೆ ಕೈ ಒತ್ತಿಡಿ. ಹೆಚ್ಚಿನವರಿಗೆ ಇಷ್ಟರಲ್ಲೇ ಕಡಿಮೆಯಾಗುತ್ತದೆ.

ಒಂದು ವಿಷಯ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ಬರೀ ಟಕ್ ಸದ್ದಿಗೆ ಯಾರಾದರೂ ಹಲ್ಲು ಸವೆಸಿ ಕಚ್ಚು ಸರಿಮಾಡುತ್ತೇವೆ, ಆಪರೇಷನ್ ಮಾಡುತ್ತೇವೆ ಅಂದರೆ, ಇನ್ನೊಬ್ಬ ಡಾಕ್ಟರನ್ನು ಕೇಳದೆ ಒಪ್ಪಬೇಡಿ. ಹಾಗೆ ನಾಲ್ಕು ಒಳ್ಳೆಯ ಹಲ್ಲು ಸವೆಸಿಕೊಂಡು ಬಂದ ಹುಡುಗನೊಬ್ಬ ನನ್ನ ಕುರ್ಚಿಯಲ್ಲಿ ಕೂತಿದ್ದ. ಟಕ್ ಸದ್ದು ಹಾಗೇ ಇತ್ತು. ಸವೆದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ಇನ್ನು ಬಾಯಿ ತೆಗೆಯಲು ಬರುತ್ತಿಲ್ಲ ಅನ್ನುವವರು. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಹೋಗದಿದ್ದರೆ ಕೀಲೇ ಕಾರಣ ಆಗಿರಬೇಕೆಂದಿಲ್ಲ. ಈ ವಯಸ್ಸಿನಲ್ಲಿ ಬುದ್ಧಿ ಹಲ್ಲು ಅರ್ಧ ಹುಟ್ಟಿ ಒಸಡು ಕೀತರೂ ಬಾಯಿ ಬಿಗಿಯುತ್ತದೆ. ಅಡಿಕೆ, ಗುಟ್ಕಾ, ಪಾನ್ ಮಸಾಲ ಅಗಿಯುವವರಲ್ಲಿ ಕೆನ್ನೆಯ ಒಳಗಿನ ಪದರವೇ ಹಗ್ಗದಂತೆ ಗಟ್ಟಿಯಾಗುತ್ತಾ ಹೋಗುತ್ತದೆ. ಮೊದಲು ಖಾರ ತಿಂದರೆ ಉರಿ, ಆಮೇಲೆ ಬಾಯಿ ಸಣ್ಣದು. ಒಮ್ಮೆ ಗಟ್ಟಿಯಾದದ್ದು ಪೂರ್ತಿ ಮೊದಲಿನಂತೆ ಆಗುವುದು ಕಷ್ಟ, ಮುಂದೆ ಕ್ಯಾನ್ಸರ್ ಆಗುವ ಅಪಾಯವೂ ಇದೆ. ಇಪ್ಪತ್ತು ವರ್ಷದ ಹುಡುಗರ ಬಾಯಲ್ಲಿ ಎರಡೇ ಬೆರಳು ಹೋಗುವುದನ್ನು ನೋಡಿದಾಗ ನನ್ನ ಹೊಟ್ಟೆ ಕಲಸುತ್ತದೆ. ನಿಮ್ಮ ರೂಮಿನಲ್ಲಿ ಅಂಥವರಿದ್ದರೆ ಪರೀಕ್ಷೆ ಮುಗೀಲಿ ಅಂತ ಕಾಯಬೇಡಿ, ಈ ವಾರವೇ ಹತ್ತಿರದ ಡೆಂಟಲ್ ಕಾಲೇಜಿಗೆ ಕರೆದುಕೊಂಡು ಹೋಗಿ.