ಹಳೇ ಹಾಯಿದೋಣಿಯ ಮೀಟರುಗಳು: ಮುಳ್ಳು ನಂಬುವ ಮುಂಚೆ ವೈರ್ ಹಿಡಿದು ಹೋಗಿ

ಸೆಕೆಂಡ್ ಹ್ಯಾಂಡ್ ಹಾಯಿದೋಣಿಯಲ್ಲಿ ಹೊಸಬರನ್ನು ತಬ್ಬಿಬ್ಬು ಮಾಡುವುದು ಹಾಯಿ, ಹಗ್ಗಗಳಿಗಿಂತ ಹೆಚ್ಚಾಗಿ ಆ ಪ್ಯಾನೆಲ್. ಒಬ್ಬೊಬ್ಬ ಮಾಲೀಕ ಒಂದೊಂದು ಕಾಲದಲ್ಲಿ ಕೂರಿಸಿದ ಮೀಟರುಗಳು, ಅಕ್ಷರ ಅಳಿಸಿಹೋದ ಸ್ವಿಚ್ಚುಗಳು, ಯಾತಕ್ಕೆ ಹತ್ತಿದೆಯೋ ಗೊತ್ತಾಗದ ಒಂದು ಕೆಂಪು ದೀಪ. ಇಲ್ಲಿ ಸಂಖ್ಯೆ ಓದುವುದು ಆಮೇಲಿನ ಕೆಲಸ. ಆ ಮೀಟರಿನ ವೈರ್ ಎಲ್ಲಿಗೆ ಹೋಗುತ್ತದೆ, ಅದರ ತುದಿಯಲ್ಲಿ ಏನು ಕೂತಿದೆ, ಆ ವೈರ್ ತುಂಡಾದರೆ ಮುಳ್ಳು ಯಾವ ಕಡೆ ವಾಲುತ್ತದೆ, ಇಷ್ಟು ಮೊದಲು ಗೊತ್ತಾಗಬೇಕು.

ಎಂಜಿನ್‌ನಿಂದಲೇ ಶುರು ಮಾಡಿ. ಕೀ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ. ಆಯಿಲ್ ದೀಪ, ಚಾರ್ಜ್ ದೀಪ ಎರಡೂ ಹತ್ತಬೇಕು. ಹೆಚ್ಚಿನ ಡೀಸೆಲ್ ಎಂಜಿನ್‌ಗಳಲ್ಲಿ ಬಜರ್ ಕೂಡ ಕಿರುಚಬೇಕು. ಸ್ಟಾರ್ಟ್ ಆದ ಕೆಲವೇ ಸೆಕೆಂಡಿನಲ್ಲಿ ಎಲ್ಲವೂ ಆರಬೇಕು. ಕೀ ತಿರುಗಿಸಿದಾಗ ದೀಪ ಹತ್ತಲೇ ಇಲ್ಲವೆಂದರೆ ಎಲ್ಲ ಸರಿಯಿದೆ ಎಂದಲ್ಲ, ಕಾವಲುಗಾರನೇ ಸತ್ತಿದ್ದಾನೆ ಎಂದು. ಹತ್ತದ್ದು ಆಯಿಲ್ ದೀಪವಾದರೆ, ಎಂಜಿನ್ ಬ್ಲಾಕಿನ ಮೇಲಿರುವ ಆಯಿಲ್ ಪ್ರೆಶರ್ ಸ್ವಿಚ್ಚಿನ ವೈರ್ ಕಿತ್ತು ಬ್ಲಾಕಿನ ಬರಿ ಲೋಹಕ್ಕೆ ಮುಟ್ಟಿಸಿ. ಈಗ ದೀಪ ಹತ್ತಿದರೆ ಸ್ವಿಚ್ ಕೆಟ್ಟಿದೆ. ಹತ್ತದಿದ್ದರೆ ಬಲ್ಬು ಅಥವಾ ವೈರ್ ಹೋಗಿದೆ. ಸ್ವಿಚ್ ಬದಲಿಸುವಾಗ ಅದರ ತಿರುಪಿನ ಎಳೆಗೆ ಟೆಫ್ಲಾನ್ ಟೇಪನ್ನು ದಪ್ಪಗೆ ಸುತ್ತಬೇಡಿ. ಒಂದೇ ವೈರಿನ ಸ್ವಿಚ್ಚಿಗಾಗಲಿ ಸೆಂಡರಿಗಾಗಲಿ (ಮೀಟರಿಗೆ ಸಿಗ್ನಲ್ ಕಳಿಸುವ ಸೆನ್ಸರ್) ಅರ್ಥ್ ಸಿಗುವುದು ಆ ಎಳೆಯಿಂದಲೇ.

ಚಾರ್ಜ್ ದೀಪದ್ದು ಇನ್ನೊಂದು ಕಥೆ. ಹಳೆಯ ಆಲ್ಟರ್ನೇಟರುಗಳಲ್ಲಿ (ಎಂಜಿನ್ನಿನ ಬೆಲ್ಟಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಆ ಬಲ್ಬಿನ ಮೂಲಕ ಹರಿಯುವ ಚೂರು ಕರೆಂಟೇ ಚಾರ್ಜಿಂಗನ್ನು ಎಬ್ಬಿಸುವುದು. ಬಲ್ಬು ಸುಟ್ಟರೆ ಚಾರ್ಜ್ ಆಗುವುದೇ ನಿಲ್ಲಬಹುದು. ಆರ್‌ಪಿಎಂ ಮೀಟರಿಗೂ ಸಿಗ್ನಲ್ ಬರುವುದು ಬಹಳಷ್ಟು ಸಲ ಆಲ್ಟರ್ನೇಟರಿನಿಂದಲೇ. ಹಾಗಾಗಿ ಎಂಜಿನ್ ಓಡುತ್ತಿದ್ದಂತೆಯೇ ಆ ಮುಳ್ಳು ಸೊನ್ನೆಗೆ ಬಿದ್ದರೆ ಮೀಟರನ್ನು ಬಯ್ಯುವ ಮುಂಚೆ ಬೆಲ್ಟ್ ನೋಡಿ. ಕೆಲವು ಎಂಜಿನ್‌ಗಳಲ್ಲಿ ನೀರಿನ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟ್. ಆಲ್ಟರ್ನೇಟರೋ ಪುಲ್ಲಿಯೋ ಬದಲಾಗಿದ್ದರೆ ಆರ್‌ಪಿಎಂ ತಪ್ಪು ತೋರಿಸುತ್ತದೆ. ಕ್ರ್ಯಾಂಕ್ ಪುಲ್ಲಿಗೆ ಪ್ರತಿಫಲಿಸುವ ಟೇಪ್ ಅಂಟಿಸಿ, ಕೈಯಲ್ಲಿ ಹಿಡಿಯುವ ಟ್ಯಾಕೋಮೀಟರಿನಿಂದ ಹೋಲಿಸಿ ನೋಡಿ.

ಬಿಸಿಯ ಮೀಟರಿನಲ್ಲಿ 60 ಡಿಗ್ರಿ ಸರಿಯೋ ತಪ್ಪೋ? ಎಂಜಿನ್ ಯಾವುದು ಎಂಬುದರ ಮೇಲಿದೆ. ಸಮುದ್ರದ ನೀರೇ ನೇರ ಬ್ಲಾಕಿನೊಳಗೆ ಹರಿಯುವ ಎಂಜಿನ್ ಸುಮಾರು 55-60 ಡಿಗ್ರಿಯಲ್ಲಿ ಓಡುತ್ತದೆ, ಅದಕ್ಕಿಂತ ಬಿಸಿಯಾದರೆ ಒಳಗೆ ಉಪ್ಪು ಗಟ್ಟುತ್ತದೆ. ಹೀಟ್ ಎಕ್ಸ್‌ಚೇಂಜರ್ (ಬ್ಲಾಕಿನೊಳಗಿನ ಸಿಹಿನೀರನ್ನು ಸಮುದ್ರದ ನೀರಿನಿಂದ ತಂಪುಮಾಡುವ ಭಾಗ) ಇರುವ ಎಂಜಿನ್ 75-85ರಲ್ಲಿ ಓಡಬೇಕು. ಅಲ್ಲಿ 60 ಕಂಡರೆ ಬಿಸಿ ನೋಡಿ ನೀರು ಬಿಡುವ ಥರ್ಮೋಸ್ಟ್ಯಾಟ್ ತೆರೆದೇ ಕೂತಿರಬಹುದು.

ಈಗ ಡೀಸೆಲ್ ಟ್ಯಾಂಕಿನ ಮೀಟರ್. ಅತಿ ಹೆಚ್ಚು ಸುಳ್ಳು ಹೇಳುವುದು ಇದೇ. ಲೋಕದಲ್ಲಿ ಎರಡು ಬಗೆಯ ಸೆಂಡರುಗಳು ಹೆಚ್ಚು. ಅಮೆರಿಕದ್ದು ಖಾಲಿಯಿದ್ದಾಗ 240 ಓಮ್ (ಕರೆಂಟಿಗೆ ಇರುವ ತಡೆಯ ಅಳತೆ), ತುಂಬಿದಾಗ 33. ಯುರೋಪಿನದು ತದ್ವಿರುದ್ಧ: ಖಾಲಿಗೆ 10, ತುಂಬಿದಾಗ 180. ಒಂದರ ಸೆಂಡರಿಗೆ ಇನ್ನೊಂದರ ಮೀಟರ್ ಜೋಡಿಸಿದರೆ ಟ್ಯಾಂಕ್ ತುಂಬಿಸುತ್ತಾ ಹೋದಂತೆ ಮುಳ್ಳು ಕೆಳಗಿಳಿಯುತ್ತದೆ. ಸೆಂಡರಿನ ವೈರ್ ಬಿಚ್ಚಿ ಮಲ್ಟಿಮೀಟರ್ ಹಚ್ಚಿದರೆ ಯಾವ ಜಾತಿಯದೆಂದು ತಿಳಿಯುತ್ತದೆ. ಸೆಂಡರನ್ನು ಹೊರಗೆ ತೆಗೆದು ತೇಲುಬುರುಡೆಯನ್ನು ಬೆರಳಲ್ಲಿ ನಿಧಾನ ಎತ್ತಿ ನೋಡಿ. ಓಮ್ ಹಂತಹಂತವಾಗಿ ಬದಲಾಗಬೇಕು. ನಡುವೆ ಒಂದು ಕಡೆ ದಿಢೀರನೆ ಜಿಗಿದರೆ ಒಳಗಿನ ತಂತಿ ಅಲ್ಲಿ ಸವೆದಿದೆ.

ಇದರಲ್ಲಿ ಒಂದು ಅಪಾಯವಿದೆ, ಬಹಳ ಜನ ಗಮನಿಸುವುದಿಲ್ಲ. ಉಪ್ಪುಗಾಳಿಗೆ ಟರ್ಮಿನಲ್ ಹಸಿರುಗಟ್ಟಿದರೆ ಓಮ್ ಏರುತ್ತದೆ. ಅಮೆರಿಕದ ಜೋಡಿಯಲ್ಲಿ ಅದರಿಂದ ಮುಳ್ಳು ಖಾಲಿಯ ಕಡೆ ವಾಲುತ್ತದೆ, ನೀವು ಗಾಬರಿಯಾಗಿ ಡೀಸೆಲ್ ತುಂಬಿಸುತ್ತೀರಿ, ನಷ್ಟವಿಲ್ಲ. ಯುರೋಪಿನ ಜೋಡಿಯಲ್ಲಿ ಅದೇ ತುಕ್ಕು ಇಲ್ಲದ ಡೀಸೆಲನ್ನು ಇದೆ ಎಂದು ತೋರಿಸುತ್ತದೆ. ಮೊದಲು ಸೆಂಡರಿನ ಅರ್ಥ್ ವೈರಿನ ತುದಿ ಬಿಚ್ಚಿ ಉಜ್ಜಿ. ಇನ್ನೊಂದು: ಟ್ಯಾಂಕ್ ದೋಣಿಯ ಹೊಟ್ಟೆಯ ಆಕಾರಕ್ಕೆ ಕೆಳಗೆ ಕಿರಿದಾಗಿದ್ದರೆ ಅರ್ಧ ಮುಳ್ಳು ಎಂದರೆ ಅರ್ಧ ಟ್ಯಾಂಕ್ ಅಲ್ಲ, ಅದಕ್ಕಿಂತ ಕಡಿಮೆ. ಖಾಲಿ ಟ್ಯಾಂಕಿಗೆ ಹತ್ತತ್ತು ಲೀಟರ್ ಅಳೆದು ಹಾಕಿ, ದೋಣಿ ನೆಟ್ಟಗಿರುವಾಗ ಗಾಜಿನ ಮೇಲೆ ಗುರುತು ಮಾಡಿಕೊಳ್ಳುವುದೇ ಸರಿಯಾದ ದಾರಿ.

ಡೀಸೆಲ್ ಫಿಲ್ಟರಿನ ತಲೆಯ ಮೇಲೆ ಸಣ್ಣ ಗಡಿಯಾರದಂಥ ಮೀಟರ್ ಇದ್ದರೆ ಅದು ವ್ಯಾಕ್ಯೂಮ್ ಗೇಜ್, ಡೀಸೆಲ್ ಎಳೆಯಲು ಪಂಪು ಎಷ್ಟು ಹೀರಬೇಕಾಗಿದೆ ಎಂದು ತೋರಿಸುವುದು. ಹೊಸ ಫಿಲ್ಟರ್ ಹಾಕಿ, ಮಾಮೂಲಿ ಆರ್‌ಪಿಎಂನಲ್ಲಿ ಎಷ್ಟು ತೋರಿಸುತ್ತದೆಂದು ಬರೆದಿಡಿ. ಮುಂದೆ ಅದು ಏರುತ್ತಾ ಹೋದರೆ ಫಿಲ್ಟರ್ ಕಟ್ಟಿಕೊಳ್ಳುತ್ತಿದೆ.

ಬ್ಯಾಟರಿ ವೋಲ್ಟ್‌ಮೀಟರ್ ಓದುವ ಮುನ್ನ ಚಾರ್ಜರ್, ಲೋಡ್ ಎಲ್ಲ ಆಫ್ ಮಾಡಿ ಕೆಲವು ಗಂಟೆ ಬಿಡಿ. 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ 12.7 ತೋರಿಸಿದರೆ ತುಂಬಿದೆ, 12.2 ಎಂದರೆ ಸುಮಾರು ಅರ್ಧ, 11.9ಕ್ಕಿಳಿದರೆ ಹೆಚ್ಚುಕಡಿಮೆ ಮುಗಿದಿದೆ. ಎಂಜಿನ್ ಓಡುವಾಗ 13.8ರಿಂದ 14.4ರ ನಡುವೆ ಇರಬೇಕು. ಲಿಥಿಯಂ ಬ್ಯಾಟರಿಗೆ ಈ ಲೆಕ್ಕ ನಡೆಯದು; ಅದರ ವೋಲ್ಟೇಜ್ ಬಹುಪಾಲು ಹೊತ್ತು ಅಲುಗಾಡುವುದೇ ಇಲ್ಲ.

ಶೇಕಡಾ ತೋರಿಸುವ ಬ್ಯಾಟರಿ ಮಾನಿಟರ್ ಇನ್ನೂ ಮೋಸಗಾರ. ಅದು ಬ್ಯಾಟರಿಯೊಳಗೆ ಇಣುಕುವುದಿಲ್ಲ, ಶಂಟ್ (ನೆಗೆಟಿವ್ ಕೇಬಲ್ಲಿನ ದಾರಿಯಲ್ಲಿ ಕೂರಿಸಿದ, ಕರೆಂಟ್ ಅಳೆಯುವ ಲೋಹದ ತುಂಡು) ಮೂಲಕ ಹೋದ-ಬಂದ ಕರೆಂಟನ್ನು ಎಣಿಸುತ್ತದೆ, ಅಷ್ಟೇ. ನೆಗೆಟಿವ್ ಪೋಸ್ಟಿಗೆ ಯಾರಾದರೂ ಬಿಲ್ಜ್ (ನೀರು ಸೇರುವ ದೋಣಿಯ ಒಳತಳ) ಪಂಪಿನ ವೈರನ್ನು ನೇರ ಕಟ್ಟಿದ್ದರೆ ಆ ಕರೆಂಟು ಲೆಕ್ಕಕ್ಕೇ ಬರದು. ಪೋಸ್ಟಿನ ಮೇಲೆ ಶಂಟಿಗೆ ಹೋಗುವ ಒಂದೇ ಕೇಬಲ್ ಇರಬೇಕು. ಮೆನುವಿನಲ್ಲಿ ಬ್ಯಾಟರಿಯ ಆಂಪ್-ಅವರ್ ನೋಡಿ, ಹಿಂದಿನವರ ಹಳೆಯ ಬ್ಯಾಟರಿಯ ಅಂಕಿಯೇ ಉಳಿದಿರಬಹುದು. ಶಂಟಿನ ಮೇಲೆ 500 ಆಂಪ್, 50 ಮಿಲಿವೋಲ್ಟ್ ಎಂದಿದ್ದರೆ ಪ್ರತಿ ಮಿಲಿವೋಲ್ಟಿಗೆ 10 ಆಂಪ್. ಫ್ರಿಜ್ ಓಡುವಾಗ ಶಂಟಿನ ಎರಡು ತುದಿಗೆ ಮಲ್ಟಿಮೀಟರ್ ಇಟ್ಟಾಗ 0.5 ಮಿಲಿವೋಲ್ಟ್ ಬಂದರೆ ಪರದೆಯಲ್ಲಿ 5 ಆಂಪ್ ಇರಬೇಕು.

ಆಳದ ಮೀಟರಿನಲ್ಲಿ ಕೇಳಬೇಕಾದ ಪ್ರಶ್ನೆ: ಎಲ್ಲಿಂದ ಆಳ? ನೀರಿನ ಮಟ್ಟದಿಂದಲೋ, ಸೆನ್ಸರಿನಿಂದಲೋ, ಕೀಲ್ (ದೋಣಿಯ ಹೊಟ್ಟೆಯಡಿಯ ಭಾರದ ರೆಕ್ಕೆ), ಅದರ ತಳದಿಂದಲೋ? ಮೂರನ್ನೂ ಸೆಟ್ ಮಾಡಬಹುದು, ಪರದೆ ಮಾತ್ರ ಅದನ್ನು ಹೇಳದು. ನಿಂತ ದೋಣಿಯಿಂದ, ಸೆನ್ಸರ್ ಇರುವ ಜಾಗದ ಪಕ್ಕದಲ್ಲೇ ಭಾರದ ಗುಂಡು ಕಟ್ಟಿದ ಹಗ್ಗ ಇಳಿಸಿ ಅಳೆಯಿರಿ. ಹಗ್ಗ 4 ಮೀಟರ್, ಪರದೆ 2.4 ಎಂದರೆ ವ್ಯತ್ಯಾಸ 1.6, ಅದು ನಿಮ್ಮ ದೋಣಿಯ ಡ್ರಾಫ್ಟಿಗೆ (ನೀರಿನ ಮಟ್ಟದಿಂದ ಕೀಲಿನ ತಳದವರೆಗಿನ ಅಳತೆ) ಸಮವಾಗಿದ್ದರೆ ಕೀಲಿನ ತಳದಿಂದ ಎಣಿಸುತ್ತಿದೆ. ಯೂನಿಟ್ಟೂ ನೋಡಿ: ಹಳೆಯ ಪರದೆಗಳಲ್ಲಿ ಫ್ಯಾದಮ್ ಇರಬಹುದು, ಒಂದಕ್ಕೆ 1.83 ಮೀಟರ್. ಆಳ ಸಿಗದಷ್ಟು ನೀರಿದ್ದರೆ ಕೆಲವು ಮೀಟರುಗಳು ಕೊನೆಯ ಅಂಕಿಯನ್ನೇ ಮಿನುಗಿಸುತ್ತಿರುತ್ತವೆ, ಅದನ್ನು ಈಗಿನ ಆಳ ಎಂದುಕೊಳ್ಳಬೇಡಿ.

ಗಾಳಿಯ ಮೀಟರು ಎರಡಿದ್ದರೆ ಒಂದು ಕೆಟ್ಟದ್ದಲ್ಲ. ಒಂದು ಪೂರ್ತಿ 360 ಡಿಗ್ರಿಯದು, ಇನ್ನೊಂದು ಗಾಳಿಗೆ ಎದುರಾಗಿ ಸಾಗುವಾಗ ಬಳಸಲು ಮುಂಭಾಗದ ಕೆಲವು ಡಿಗ್ರಿಗಳನ್ನಷ್ಟೇ ಹಿಗ್ಗಿಸಿ ತೋರಿಸುವುದು. ವೇಗದ ಮೀಟರ್ ಸೊನ್ನೆಯಲ್ಲೇ ನಿಂತಿದ್ದರೆ ನೂರಕ್ಕೆ ತೊಂಬತ್ತು ಪಾಲು ತಳದ ಪುಟ್ಟ ಚಕ್ರಕ್ಕೆ ಪಾಚಿ ಹಿಡಿದಿದೆ. ಹೊರಗೆಳೆಯುವ ಮುಂಚೆ ಬಿರಡೆ ಕೈಯಲ್ಲಿರಲಿ, ನೀರು ಚಿಮ್ಮುತ್ತದೆ.

ಪರದೆಗಳೆಲ್ಲ ಒಟ್ಟಿಗೆ ಬಂದು ಹೋಗಿ ಮಾಡುತ್ತಿದ್ದು, ಜಾಲ ಎನ್‌ಎಂಇಎ 2000 (ದೋಣಿಯ ಪರದೆ, ಸೆನ್ಸರುಗಳನ್ನು ಒಂದೇ ಕೇಬಲ್ಲಿಗೆ ಜೋಡಿಸುವ ವ್ಯವಸ್ಥೆ) ಆಗಿದ್ದರೆ, ಪವರ್ ತೆಗೆದು ಬಿಳಿ ಮತ್ತು ನೀಲಿ ವೈರುಗಳ ನಡುವೆ ಓಮ್ ಅಳೆಯಿರಿ. 60 ಬರಬೇಕು. 120 ಬಂದರೆ ಜಾಲದ ಎರಡು ತುದಿಗೆ ಹಾಕುವ ಟರ್ಮಿನೇಟರುಗಳಲ್ಲಿ (ತಲಾ 120 ಓಮಿನ ರೆಸಿಸ್ಟರ್) ಒಂದು ಇಲ್ಲ. 40 ಬಂದರೆ ಯಾರೋ ಮೂರನೆಯದನ್ನು ತುರುಕಿದ್ದಾರೆ.

ಇನ್ನು ಆ ಹೆಸರಿಲ್ಲದ ಕೆಂಪು ದೀಪ. ಒಂದೊಂದೇ ಫ್ಯೂಸ್ ತೆಗೆದು ಯಾವುದಕ್ಕೆ ಆರುತ್ತದೆಂದು ನೋಡಿ, ಅಲ್ಲೇ ಚೀಟಿ ಅಂಟಿಸಿ. ಅದು ಬಿಲ್ಜ್ ಪಂಪಿನದಾದರೆ ಫ್ಯೂಸನ್ನು ಮರಳಿ ಹಾಕುವುದು ಮರೆಯಬೇಡಿ. ದಡದ ಕರೆಂಟಿನ ಪ್ಯಾನೆಲ್ಲಿನಲ್ಲಿ ರಿವರ್ಸ್ ಪೊಲಾರಿಟಿ (ಫೇಸ್, ನ್ಯೂಟ್ರಲ್ ಅದಲುಬದಲಾಗಿದೆ ಎಂಬ) ದೀಪ ಹತ್ತಿದ್ದರೆ ಕೂಡಲೇ ಪ್ಲಗ್ ಕೀಳಿ. ಗ್ಯಾಸ್ ಅಲಾರಂ ಆದರೆ ಸೆನ್ಸರ್ ಕೆಳಗೆ, ಬಿಲ್ಜಿನ ಹತ್ತಿರ ಇದೆಯೇ ನೋಡಿ, ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಟೆಸ್ಟ್ ಬಟನ್ ಒತ್ತಿದಾಗ ಕೂಗಿದರೆ ಬಜರ್ ಸರಿಯಿದೆ ಎಂದಷ್ಟೇ ಅರ್ಥ. ಸೆನ್ಸರಿಗೆ ಬೇರೆಯೇ ಆಯುಸ್ಸು. ಡಬ್ಬಿಯ ಹಿಂದೆ ತಾರೀಕು ಇರುತ್ತದೆ, ತಿರುಗಿಸಿ ನೋಡಿ.